ಸೋಮವಾರ ಬಿಚ್ಚಿಟ್ಟ ಜೀಪು

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಇದು ನಮ್ಮೊಬ್ಬರ ಪದ್ಧತಿಯಲ್ಲ. ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಹೊಲದ ಊರುಗಳಲ್ಲಿ ಬಹಳ ಮನೆಗಳಲ್ಲಿ ಹಾಗೆಯೇ. ಸೋಮವಾರ ಬಸವಣ್ಣನ ದಿನ. ಅವತ್ತು ಎತ್ತಿನ ಮೈ ತೊಳೆಯಬೇಕು, ಹಣೆಗೆ ವಿಭೂತಿ ಹಚ್ಚಬೇಕು, ಹೊಟ್ಟೆ ತುಂಬ ಮೇವು ಹಾಕಬೇಕು. ಬಿತ್ತುವ ಹದ ಕೈಬಿಟ್ಟು ಹೋಗುತ್ತಿದೆ ಎಂದರೂ ಕೂರಿಗೆ ಹೂಡುವವರಿಲ್ಲ. ಆದರೆ ಸೋಮವಾರ ಜೀಪನ್ನೂ ಹೊರಗೆ ತೆಗೆಯದ ಮನೆ ಸುತ್ತಲಿನ ಊರುಗಳಲ್ಲೆಲ್ಲ ನಮ್ಮದೊಂದೇ ಇತ್ತು.

ಅದಕ್ಕೆ ಕಾರಣ ನಮ್ಮಪ್ಪ.

ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮಾಸ್ತರರು ಹೊಡೆದರು ಅಂತಲ್ಲ, ಮನೆಯಲ್ಲಿ ಬಡತನ ಇತ್ತು ಅಂತಲೂ ಅಲ್ಲ. ಕೂತಲ್ಲೇ ಕೂತಿರುವುದು ನನ್ನ ಮೈಗೆ ಒಗ್ಗಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಟ್ರ್ಯಾಕ್ಟರ್ ಹೊಡೆಯುವುದನ್ನು ಕಲಿತೆ, ಆಮೇಲೆ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲವು ವರ್ಷ ಕೈ ಕಪ್ಪು ಮಾಡಿಕೊಂಡೆ. ಅಲ್ಲಿಯ ಮಿಸ್ತ್ರಿಯನ್ನು ನಾನು ಚಾಚಾ ಎನ್ನುತ್ತಿದ್ದೆ. ಯಾವ ಗಾಡಿ ಬಂದರೂ ಚಾಚಾ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಪಾನಾ, ಸ್ಕ್ರೂಡ್ರೈವರ್ ಹಿಡಿಯುವುದು ಆಮೇಲೆ. ಆ ಚಟ ನನಗೂ ಹತ್ತಿತು.

ಚಾಚಾ ತೋರಿಸಿದ್ದೇ ಆ ಜೀಪು. ಎರಡನೆಯ ಮಹಾಯುದ್ಧದ ಕಾಲದ ಮಿಲಿಟರಿ ಗಾಡಿ. ಬೆಳಗಾವಿ ಕಡೆ ಹರಾಜಿನಲ್ಲಿ ಯಾರೋ ಹಿಡಿದು, ಅವರ ಕೈಯಿಂದ ಒಬ್ಬ ಗುಜರಿ ವ್ಯಾಪಾರಿಗೆ ಬಂದು, ಅವನ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಸ್ಟೇರಿಂಗ್ ಎಡಗಡೆ. ಬಾಗಿಲು ಎಂಬುದಿಲ್ಲ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದು. ಪೆಟ್ರೋಲ್ ಟಾಕಿಯ ಮೇಲೆಯೇ ಡ್ರೈವರ್ ಕೂಡಬೇಕು. ಗೇರಿನ ಬಾಜು ಇನ್ನೆರಡು ಗಿಡ್ಡ ಲಿವರುಗಳು. ಅವನ್ನು ಹಾಕಿದರೆ ಮುಂದಿನ ಗಾಲಿಗಳೂ ಜಗ್ಗುತ್ತವೆ. ಅದಕ್ಕೆ ನಾವು ಸ್ಪೆಷಲ್ ಗೇರ್ ಎನ್ನುತ್ತಿದ್ದೆವು. ಮಳೆಗಾಲದಲ್ಲಿ ನಮ್ಮೂರಿನ ದಾರಿಯಲ್ಲಿ ಓಡಾಡಲು ಅಂಥ ಗಾಡಿಯೇ ಬೇಕು ಎಂದು ನನಗೆ ಅಲ್ಲೇ ಗೊತ್ತಾಯಿತು. ಚಾಚಾನ ಹಾಗೆ ಬಾನೆಟ್ಟಿನ ಮೇಲೆ ಕೈ ಇಟ್ಟೆ. ಬಿಸಿಲಿಗೆ ಕಾದು ಸುಡುತ್ತಿತ್ತು, ಆದರೂ ಕೈ ತೆಗೆಯಲಿಲ್ಲ.

ಆಗ ನಮ್ಮ ಮನೆಯಲ್ಲಿ ಎರಡು ಜೋಡಿ ಎತ್ತುಗಳಿದ್ದವು. ಜೀಪಿಗಾಗಿ ಒಂದು ಜೋಡಿಯನ್ನು ಮಾರಬೇಕಾಯಿತು. ಅಪ್ಪ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎತ್ತುಗಳನ್ನು ಹೊಡೆದುಕೊಂಡು ಹೋದ ದಿನ ಊಟ ಬಿಟ್ಟ. ಜೀಪು ಮನೆಯ ಮುಂದೆ ಬಂದು ನಿಂತಾಗ ಅದರ ಸುತ್ತ ಒಂದು ಸುತ್ತು ಹಾಕಿ, ಕೈ ಹಿಂದೆ ಕಟ್ಟಿಕೊಂಡು ಹೇಳಿದ:

"ಒಂದ ಜೋಡಿ ಎತ್ತ ಕೊಟ್ಟ ತಂದೀ ಅಂದಮ್ಯಾಲ ಇದೂ ಎತ್ತ. ಸೋಮವಾರ ಇದಕ್ಕೂ ಸೂಟಿ."

"ಯಪ್ಪಾ, ಕಬ್ಬಣಕ್ಕ ದಣಿವು ಇರತೈತೇನು?"

"ಅದಕ್ಕಿಲ್ಲಂದ್ರ ಅದನ್ನ ಹೊಡಿಯಾಂವ ನೀ ದಣಿತಿ ಇಲ್ಲ?"

ಅವ್ವನ ದೂರು ಬೇರೆಯೇ ಇತ್ತು. "ಆ ಜೋಡಿ ಇದ್ದಾಗ ಒಲಿಗೆ ಸಗಣಿ ಕುಳ್ಳರ ಸಿಗತಿದ್ವು. ಇದು ಹಿಂದಿಂದ ಬರೇ ಹೊಗಿ ಬಿಡತೈತಿ. ಹೊಗಿ ತಟ್ಟಿ ಒಣಗಸಾಕ ಬರತೈತೇನೋ ತಮ್ಮಾ?"

ಹೀಗೆ ಸೋಮವಾರ ಜೀಪಿಗೂ ರಜೆಯಾಯಿತು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಸೋಮವಾರ ಬಾಡಿಗೆ ಕೇಳಿ ಬಂದವರನ್ನು ವಾಪಸ್ ಕಳಿಸುವಾಗ ಮುಖ ಎಲ್ಲಿಡಬೇಕು ಎಂದು ತಿಳಿಯುತ್ತಿರಲಿಲ್ಲ. ಆದರೆ ಸುಮ್ಮನೆ ಕೂಡುವ ಜೀವವಲ್ಲ ನನ್ನದು. ಜೀಪನ್ನು ನೆರಳಿಗೆ ತಂದು, ಗೋಣಿತಟ್ಟು ಹಾಸಿ, ಒಂದೊಂದು ಸೋಮವಾರ ಒಂದೊಂದು ಅಂಗ ಬಿಚ್ಚಲು ಹಿಡಿದೆ. ಒಂದು ವಾರ ಕಾರ್ಬೊರೇಟರ್, ಒಂದು ವಾರ ಕಮಾನ್ ಪಟ್ಟಿ, ಒಂದು ವಾರ ಬ್ರೇಕು. ಅಪ್ಪ ಆ ಕಡೆ ಎತ್ತುಗಳ ಮೈ ತೊಳೆಯುತ್ತಿದ್ದ, ನಾನು ಈ ಕಡೆ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತಿಲ್ಲ. ಜೀಪಿನ ತಂಟೆಗೆ ಅವನು ಬರುತ್ತಿರಲಿಲ್ಲ, ಎತ್ತಿನ ತಂಟೆಗೆ ನನ್ನನ್ನು ಬಿಡುತ್ತಿರಲಿಲ್ಲ.

ಮುದಿ ಗಾಡಿಯನ್ನು ಸಾಕುವುದೆಂದರೆ ಮುದಿ ಅತ್ತೆಯ ಸಂಗಡ ಬಾಳುವೆ ಮಾಡಿದ ಹಾಗೆ ಎಂದು ನನ್ನ ಹೆಂಡತಿ ನಗುತ್ತಿದ್ದಳು, ಅವ್ವನಿಗೆ ಕೇಳಿಸದ ಹಾಗೆ. ದಿನಕ್ಕೊಂದು ನೋವು. ರೇಡಿಯೇಟರ್ ಸೋರಿದರೆ ಅಡುಗೆ ಮನೆಯಿಂದ ಒಂದು ಹಿಡಿ ಅರಿಷಿಣ ಪುಡಿ ತಂದು ಒಳಗೆ ಸುರಿಯುತ್ತಿದ್ದೆ. ಅದು ತೂತಿಗೆ ಹೋಗಿ ಕೂತು ಹಬೆ ನಿಲ್ಲಿಸುತ್ತಿತ್ತು. ಟಾಕಿ ಜಿನುಗಿದರೆ ಬಟ್ಟೆ ಸಾಬೂನು ನಾದಿ ಮೆತ್ತುತ್ತಿದ್ದೆ. ಚಳಿಗಾಲದ ಬೆಳಿಗ್ಗೆ ಅದು ಎದ್ದೇಳುವುದಿಲ್ಲ ಎಂದು ಹಟ ಹಿಡಿದಾಗ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕು. ಹ್ಯಾಂಡಲ್ ತಿರುಗಿ ಹೊಡೆದರೆ ಮುಂಗೈ ಮುರಿಯುತ್ತದೆ, ಅದಕ್ಕೇ ಹೆಬ್ಬೆಟ್ಟನ್ನು ಉಳಿದ ಬೆರಳುಗಳ ಬಾಜುವೇ ಇಟ್ಟು ಹಿಡಿಯಬೇಕು. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ನಾನು ಕಲಿತೆ. ಕಣ್ಣು ಮುಚ್ಚಿ ಅದರ ಸಪ್ಪಳ ಕೇಳಿದರೆ ಯಾವ ಪ್ಲಗ್ ಸುಡುತ್ತಿಲ್ಲ ಎಂದು ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಆ ಜೀಪಿನಲ್ಲಿ ಏನೆಲ್ಲ ಹೇರಿದ್ದೇವೆ! ಮೆಣಸಿನಕಾಯಿ ಚೀಲ, ಕಡಲೆ ಬೀಜ, ಹೊಸ ಮದುಮಕ್ಕಳು, ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತವರು, ಒಮ್ಮೆ ಒಂದು ಟಗರು. ಟಗರು ನನ್ನ ಬಾಜು ಸೀಟಿನಲ್ಲಿ ಕೂತು ಇಡೀ ದಾರಿ ಮುಂದೆ ನೋಡುತ್ತಿತ್ತು. ಎದುರಿಗೆ ಸಿಕ್ಕವರೆಲ್ಲ ಬಲಗಡೆ ಕೂತವನೇ ಡ್ರೈವರ್ ಎಂದುಕೊಂಡು ಅದಕ್ಕೇ ಕೈ ಮಾಡುತ್ತಿದ್ದರು.

ಇಷ್ಟೆಲ್ಲ ಆದರೂ ಅಪ್ಪನ ಬಾಯಿಂದ ಜೀಪಿನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಅವನ ಜೀವವೆಲ್ಲ ಉಳಿದ ಆ ಒಂದು ಜೋಡಿಯಲ್ಲಿತ್ತು. ಎರಡೂ ಒಂದೇ ಎತ್ತರ, ಒಂದೇ ನಡಿಗೆ. ಕರುಗಳಿದ್ದಾಗಿನಿಂದ ತಾನೇ ಪಳಗಿಸಿದ್ದ. ಎಡಕ್ಕೆ ಹೂಡುವ ಎತ್ತು ಅಪ್ಪ ಕೆಮ್ಮಿದರೆ ನಿಲ್ಲುತ್ತಿತ್ತು, ಗಂಟಲು ಸರಿಮಾಡಿಕೊಂಡರೆ ನಡೆಯುತ್ತಿತ್ತು.

ಅದು ಶ್ರಾವಣದ ಸೋಮವಾರ. ನಾಲ್ಕೈದು ದಿನದಿಂದ ಮಳೆ ಹಿಡಿದು, ಅವತ್ತು ಬೆಳಿಗ್ಗೆ ಹೊಳವಾಗಿತ್ತು. ಊರಿಗೆ ಬಸ್ಸು ಬರುವುದು ನಿಂತೇ ಹೋಗಿತ್ತು. ಎರೆ ಮಣ್ಣಿನ ದಾರಿ ಒಂದು ಸಲ ನೆನೆಯಿತೆಂದರೆ ಅದು ದಾರಿಯಲ್ಲ, ನಾದಿಟ್ಟ ಹಿಟ್ಟು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು, ನಡೆದಷ್ಟೂ ಕಾಲು ಭಾರವಾಗುತ್ತ ಹೋಗುತ್ತದೆ.

ನಾನು ಜೀಪಿನ ಮುಂದಿನ ಎಡ ಗಾಲಿಯನ್ನು ಬಿಚ್ಚಿದ್ದೆ. ಅಲ್ಲಿಂದ ಗರಗರ ಎಂಬ ಸಪ್ಪಳ ಬರುತ್ತಿತ್ತು, ಬೇರಿಂಗ್ ಹೋಗಿತ್ತು. ಹೊಸ ಬೇರಿಂಗ್ ತಂದಿಟ್ಟುಕೊಂಡಿದ್ದೆ. ಅಚ್ಚಿನ ಕೆಳಗೆ ಜಾಲಿ ಮರದ ತುಂಡು ಕೊಟ್ಟಿದ್ದೆ. ಗಾಲಿ ಒಂದು ಕಡೆ, ಡ್ರಮ್ಮು ಒಂದು ಕಡೆ, ನಟ್ಟುಗಳು ಪರಾತದ ಸೀಮೆಎಣ್ಣೆಯಲ್ಲಿ. ಆಗ ಹಿತ್ತಲಿನಿಂದ ಅವ್ವ ಕೂಗಿದ್ದು ಕೇಳಿತು.

ಎಡದ ಎತ್ತು ಹಗ್ಗ ಹರಿದುಕೊಂಡು ಮನೆಯ ಹಿಂದಿನ ಹೆಸರುಕಾಳಿನ ಹೊಲಕ್ಕೆ ಇಳಿದಿತ್ತು. ಹಸಿ ಬಳ್ಳಿ, ಮೇಲೆ ಮಳೆ ನೀರು. ಯಾವಾಗ ಹೋಗಿತ್ತೋ, ಹೊಟ್ಟೆ ಬಿರಿಯುವಷ್ಟು ತಿಂದಿತ್ತು. ಹಿಡಿದು ತರುವಷ್ಟರಲ್ಲಿ ಎಡ ಪಕ್ಕೆ ಉಬ್ಬಿ ನಗಾರಿಯಾಗಿತ್ತು. ಅಪ್ಪ ಬೆರಳಿನಿಂದ ಬಡಿದು ನೋಡಿದ; ಡಬ್ ಡಬ್ ಎಂದಿತು. ಬಿದಿರಿನ ಗೊಟ್ಟದಲ್ಲಿ ಕುಸುಬಿ ಎಣ್ಣೆ ಹೊಯ್ದು ಗಂಟಲಿಗೆ ಇಳಿಸಿದೆವು. ಹಿಡಿದು ನಡೆಸಾಡಿದೆವು. ಎತ್ತು ನಾಲ್ಕು ಹೆಜ್ಜೆ ಇಟ್ಟು ನಿಂತಿತು, ನಾಲಿಗೆ ಹೊರಗೆ ಬಂತು, ಆಮೇಲೆ ಮುಂಗಾಲು ಮಡಚಿ ಕೂತುಬಿಟ್ಟಿತು.

"ಕುಂತ್ರ ಮುಗೀತು," ಎಂದ ಅಪ್ಪ. ಅವನ ದನಿ ನನಗೆ ಗುರುತೇ ಹತ್ತಲಿಲ್ಲ.

ದನದ ಡಾಕ್ಟರ್ ಇರುವುದು ಅಣ್ಣಿಗೇರಿಯಲ್ಲಿ. ನಡೆದು ಹೋಗಿ ಕರೆತರುವಷ್ಟು ಹೊತ್ತು ಎತ್ತು ತಾಳುವುದಿಲ್ಲ. ಊರಲ್ಲಿ ಇದ್ದ ಒಂದು ಮೋಟಾರ್ ಸೈಕಲ್ ಆ ರಾಡಿಯಲ್ಲಿ ಗೇಣು ದೂರ ಹೋಗುವುದಿಲ್ಲ. ಹೋಗಬಲ್ಲದ್ದು ಜೀಪೊಂದೇ. ಅದು ಮೂರು ಗಾಲಿಯ ಮೇಲೆ ನಿಂತಿತ್ತು. ಮೇಲೆ ಶ್ರಾವಣ ಸೋಮವಾರ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಎತ್ತಿನ ಮುಖ ನೋಡುತ್ತಿದ್ದ. ಅವ್ವನೇ ರೇಗಿದಳು.

"ಏನ್ರಿ, ಹಿಂಗ ಕಲ್ಲ ಆಗಿ ನಿಂತ್ರ ಹೆಂಗ? ಬಸವಣ್ಣನ ಸಲುವಾಗಿ ಸೋಮವಾರ ಹಿಡಿತೀರಿ. ಬಸವಣ್ಣ ನೆಲಾ ಹಿಡದಾನ. ಇನ್ನ ಯಾರ ಸಲುವಾಗಿ ಹಿಡಿತೀರಿ?"

ಅಪ್ಪ ಎತ್ತಿನ ಕುತ್ತಿಗೆಯಿಂದ ಕೈ ತೆಗೆದ. "ಆ ಗಾಲಿ ಕೂಡಸಾಕ ಎಷ್ಟೊತ್ತು ಬೇಕು?"

"ಒಬ್ಬನ ಅಂದ್ರ ತಾಸ ಬೇಕು. ನೀ ಕೈ ಹಚ್ಚಿದ್ರ ಲಗೂನ ಆಕ್ಕೈತಿ."

ಅಪ್ಪ ಧೋತರ ಎತ್ತಿ ಕಟ್ಟಿ ಜೀಪಿನ ಬಳಿ ಬಂದು ಮಂಡಿಯೂರಿದ. ಅವ್ವ ಎತ್ತಿನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದು ಕೂತಳು, ಅದು ಅಡ್ಡ ಬೀಳದಿರಲಿ ಎಂದು.

ಒಳಗಿನ ಬೇರಿಂಗಿಗೆ ಗ್ರೀಸು ತುಂಬುವಷ್ಟರಲ್ಲಿ ಡಬ್ಬಿ ಖಾಲಿಯಾಯಿತು. ಹೊರಗಿನದಕ್ಕೆ ಇಲ್ಲ. "ಗ್ರೀಸ್ ಮುಗೀತು" ಎಂದೆ. ಅಪ್ಪ ಎದ್ದು ಓಡಿದ. ಚಕ್ಕಡಿಯ ಕೆಳಗೆ ಕೀಲೆಣ್ಣೆಯ ಕೊಳವೆ ತೂಗುಬಿಟ್ಟಿರುತ್ತದಲ್ಲ, ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ್ದು, ಗಾಲಿ ಕಿರುಗುಟ್ಟದ ಹಾಗೆ ಹಚ್ಚುವುದು, ಅದನ್ನು ಬಿಚ್ಚಿಕೊಂಡು ಬಂದ.

"ಇದು ನಡಿತೈತೇನು?"

"ಇವತ್ತೊಂದಿನ ನಡಿತೈತಿ. ಬೇರಿಂಗಿಗೆ ಹಚ್ಚು," ಎಂದು ಹೇಳಿ, ನಾನು ನಟ್ಟು ತಡೆಯುವ ಪಿನ್ನನ್ನು ಹುಡುಕಲು ಒಳಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಅಪ್ಪ ಡ್ರಮ್ಮನ್ನು ತಾನೇ ಎತ್ತಿ ಅಚ್ಚಿಗೆ ಏರಿಸಿಬಿಟ್ಟಿದ್ದ. ಚಕ್ಕಡಿಯ ಗಾಲಿ ಏರಿಸಿ ಪಳಗಿದ ಕೈ, ಒಂದಿಷ್ಟೂ ಓರೆಯಾಗಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ ಎನಿಸಿತು. ನಟ್ಟು ಬಿಗಿದು ಗಾಲಿ ಹಾಕಿದೆ.

ರಾಡಿಯಲ್ಲಿ ಜಾರದಿರಲಿ ಎಂದು ಹಿಂದಿನ ಗಾಲಿಗಳಿಗೆ ಪುಂಡಿ ನಾರಿನ ಹಗ್ಗ ಸುತ್ತುತ್ತಿದ್ದಾಗ ಹೆಂಡತಿ ಸಲಿಕೆ ಹಿಡಿದು ಬಂದು ಹತ್ತಿ ಕೂತಳು.

"ನೀ ಎಲ್ಲಿಗೆ?"

"ಗಾಲಿಗೆ ರಾಡಿ ತುಂಬಿ ನಿಂತ್ರ ಯಾರು ಕೆರಿಯವರು? ನೀವು ಒಳಗ ಕುಂತ ಪೀಂ ಪೀಂ ಅಂದ್ರ ಅದು ತಾನ ಉದರತೈತೇನ್ರಿ?"

ಹ್ಯಾಂಡಲ್ ಒಂದೇ ಸಲಕ್ಕೆ ಹಿಡಿಯಿತು. ಆ ಮುದಿ ಜೀಪು ಹಾಗೆ ಒಂದೇ ಏಟಿಗೆ ಎದ್ದದ್ದು ಬಹಳ ಕಡಿಮೆ.

ಎರೆ ರಾಡಿಯಲ್ಲಿ ಗಾಡಿ ಹೊಡೆಯುವುದಕ್ಕೆ ಒಂದು ರೀತಿಯಿದೆ. ಚಕ್ಕಡಿ ಹೋದ ಕೊರೆಯಲ್ಲಿ ಇಳಿಯಬಾರದು. ದಾರಿಯ ಅಂಚಿನಲ್ಲಿ ಕರಕಿ ಹುಲ್ಲು ಬೆಳೆದ ಕಡೆಯೇ ಗಾಲಿ ಇಡಬೇಕು. ಜೋರು ಕೊಡಬಾರದು, ನಿಲ್ಲಿಸಲೂ ಬಾರದು. ಸ್ಪೆಷಲ್ ಗೇರ್ ಹಾಕಿದರೆ ಜೀಪು ಗೊಣಗುತ್ತ, ಬಸುರಿ ಎಮ್ಮೆಯ ಹಾಗೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಆದರೂ ಎರಡು ಕಡೆ ಗಾಲಿಯ ಸಂದಿಗೆ ಮಣ್ಣು ತುಂಬಿ ನಿಂತಿತು. ಹೆಂಡತಿ ಸೀರೆ ಎತ್ತಿ ಕಟ್ಟಿ ಇಳಿದು ಸಲಿಕೆಯಿಂದ ಕೆತ್ತಿ ಕೆತ್ತಿ ಒಗೆದಳು. ಹತ್ತುವಾಗ ಅವಳ ಮುಖದ ಮೇಲೆಲ್ಲ ಕರಿ ಚುಕ್ಕೆ.

"ಮಾರಿಗೆ ಹಚ್ಚಿಬಟ್ಟ ಹಾಕಿಸಿಕೊಂಡಂಗ ಆಗೇತಿ," ಎಂದೆ.

"ಹಾಕಿಸಿಕೊಂಡವರಿಗೆ ಒಂದ ಕುಬಸರ ಕೊಡತಾರ, ನನಗ ಬರೇ ರಾಡಿ," ಎಂದಳು.

ಹಳ್ಳದ ಇಳಿಜಾರಿಗೆ ಬಂದಾಗ ಬ್ರೇಕ್ ಒತ್ತಿದೆ. ಜೀಪು ನಿಲ್ಲುವ ಬದಲು ಮೂತಿ ಬಲಕ್ಕೆ ತಿರುವಿ, ಅಡ್ಡಡ್ಡ ಜಾರಿ, ಜಾಲಿಯ ಪೊದೆಗೆ ಹೋಗಿ ಒರಗಿತು.

"ಯವ್ವಾ! ಇದು ಹಿಂಗ್ಯಾಕ ಬಾಜೂಕ ಹೊಂಟಿತ್ರಿ?"

ಇಳಿದು ನೋಡಿದೆ. ಎಡ ಮುಂಗಾಲಿಯ ಒಳಗಿನಿಂದ ಕಪ್ಪಗೆ ಏನೋ ಇಳಿಯುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಔಡಲೆಣ್ಣೆ. ಅಪ್ಪ ಬೇರಿಂಗಿಗೆ ಹಚ್ಚಿ ಅಲ್ಲಿಗೇ ಬಿಟ್ಟಿರಲಿಲ್ಲ. ಉಳಿದ ಎಣ್ಣೆಯನ್ನು ಬ್ರೇಕಿನ ಪಟ್ಟಿಗೂ, ಡ್ರಮ್ಮಿನ ಒಳಗೂ, ಕೈ ಹೋದಲ್ಲೆಲ್ಲ ಜಿಪುಣತನ ಮಾಡದೆ ಸವರಿದ್ದ. ಗಾಲಿಗೆ ಎಷ್ಟು ಎಣ್ಣೆ ಹಚ್ಚಿದರೆ ಅಷ್ಟು ಪುಣ್ಯ ಎಂದು ಬಲ್ಲವನು. ಆ ಗಾಲಿ ಇನ್ನು ಬ್ರೇಕಿಗೆ ಹಿಡಿಯುವುದಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮನೆಯಲ್ಲಿ ಎತ್ತು ನಾಲಿಗೆ ಚಾಚಿ ಕೂತಿದ್ದಾಗ ಅವನು ತನ್ನ ಚಕ್ಕಡಿಯ ಎಣ್ಣೆಯನ್ನೆಲ್ಲ ನನ್ನ ಜೀಪಿಗೆ ಬಳಿದಿದ್ದಾನಲ್ಲ ಎನಿಸಿತು. ರಿವರ್ಸ್ ಹಾಕಿ ಪೊದೆಯಿಂದ ಹೊರಗೆ ಬಂದೆ. ಅಲ್ಲಿಂದ ಮುಂದೆ ಬ್ರೇಕಿನ ಮೇಲೆ ಕಾಲಿಡಲಿಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ನಿಗೇ ಹಿಡಿಸಿ ಇಳಿಸಿದೆ.

ಅಣ್ಣಿಗೇರಿಯ ದನದ ದವಾಖಾನೆಯಲ್ಲಿ ಡಾಕ್ಟರು ಚಹಾ ಕುಡಿಯುತ್ತಿದ್ದರು. ನಮ್ಮನ್ನೂ ಜೀಪನ್ನೂ ನೋಡಿದರು. ಮೂರೂ ಜನ ಒಂದೇ ಬಣ್ಣವಾಗಿದ್ದೆವು.

"ಇದು ನನ್ನ ಕರಕೊಂಡ ಹೋಗಾಕ ಬಂದೈತೋ, ಇದಕ್ಕ ನಾ ಇಲ್ಲೇ ಇಂಜೆಕ್ಷನ್ ಕೊಡಬೇಕೋ?"

"ಎತ್ತಿಗೆ ಹೊಟ್ಟಿ ಉಬ್ಬೇತ್ರಿ ಸಾಹೇಬ್ರ. ಕುಂತ ಬಿಟ್ಟೈತಿ."

ಅವರ ಮುಖದ ನಗೆ ಹೋಯಿತು. ಅರ್ಧ ಕಪ್ಪು ಚಹಾ ಬಿಟ್ಟು ಚೀಲ ಹಿಡಿದು ಬಂದರು. ಏನು ತಿಂದಿತು, ಎಷ್ಟೊತ್ತಾಯಿತು, ಏನು ಕುಡಿಸಿದಿರಿ ಎಂದು ದಾರಿಯಲ್ಲಿ ಕೇಳುತ್ತ ಬಂದರು. ಹಳ್ಳದ ಇಳಿಜಾರು ಕಂಡಾಗ ಮಾತ್ರ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದರು.

"ಬ್ರೇಕ್ ಅದಾವಲ್ಲಪಾ?"

"ಒಂದ ಗಾಲಿದ ಹೋಗೇತ್ರಿ. ಉಳದಾವ ಅದಾವ್ರಿ."

"ಯಾವಾಗ ಹೋತು?"

"ಇವತ್ತ ಮುಂಜಾನಿ, ನಮ್ಮಪ್ಪ ಎಣ್ಣಿ ಹಚ್ಚಿದಾಗ."

ಹಿಂದೆ ಕೂತ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ಹಳ್ಳದ ನೀರು ಒಳಗೆ ಬಂದಾಗ ಡಾಕ್ಟರು ಕಾಲು ಮೇಲೆತ್ತಿ, ಚೀಲವನ್ನು ತಲೆಯ ಮೇಲೆ ಹಿಡಿದು ಕೂತರು.

ಮನೆಯ ಮುಂದೆ ನಿಲ್ಲಿಸುವಾಗ ಜೀಪು ನೆಟ್ಟಗೆ ನಿಲ್ಲುವ ಭರವಸೆ ನನಗಿರಲಿಲ್ಲ. ತಿಪ್ಪೆಯ ಕಡೆ ಮೂತಿ ತಿರುವಿ ಮೆಲ್ಲಗೆ ಅದರೊಳಗೆ ಹೊಗಿಸಿ ನಿಲ್ಲಿಸಿದೆ. ಡಾಕ್ಟರು ಎಂಜಿನ್ ಆರುವ ಮೊದಲೇ ಜಿಗಿದಿದ್ದರು.

ಎತ್ತು ಇನ್ನೂ ಇತ್ತು. ಅವ್ವನ ತೊಡೆಯ ಮೇಲೆ ತಲೆ, ಕಣ್ಣು ಮೇಲೆ ಸೇರಿದ್ದವು. ಅಪ್ಪ ಅದರ ಹೊಟ್ಟೆಗೆ ಬೆನ್ನು ಕೊಟ್ಟು ಒರಗಿ ಕೂತಿದ್ದ, ಮಗ್ಗುಲಿಗೆ ಬೀಳದಂತೆ. ಡಾಕ್ಟರು ಎಡ ಪಕ್ಕೆಯ ಮೇಲೆ ಬೆರಳಿನಿಂದ ಜಾಗ ಹುಡುಕಿದರು. ಕೊಳವೆಯಂಥ ದಪ್ಪ ಸೂಜಿಯನ್ನು ತೆಗೆದಾಗ ಅಪ್ಪ ಕಣ್ಣು ಮುಚ್ಚಿದ.

"ಯಜಮಾನ್ರ, ಕೊಂಬ ಗಟ್ಟ್ಯಾಗಿ ಹಿಡೀರಿ. ಕಣ್ಣ ಆಮ್ಯಾಲ ಮುಚ್ಚೀರಂತ."

ಸೂಜಿ ಒಳಗೆ ಹೋಯಿತು. ಟ್ಯೂಬಿನ ವಾಲ್ವ್ ಬಿಚ್ಚಿದಂಥ ಸಪ್ಪಳ, ಮೂಗು ಮುಚ್ಚಿಕೊಳ್ಳುವಂಥ ವಾಸನೆ, ಜೊತೆಗೆ ಹಸಿರು ನೊರೆ. ಡಾಕ್ಟರು ಒಮ್ಮೆಲೇ ಬಿಡದೆ, ಬೆರಳು ಇಟ್ಟು ತೆಗೆದು, ಇಟ್ಟು ತೆಗೆದು, ನಿಧಾನಕ್ಕೆ ಗಾಳಿ ಬಿಟ್ಟರು. ಔಷಧಿ ಹಾಕಿದರು. "ಎಣ್ಣಿ ಕುಡಿಸಿದ್ದು ಚಲೋ ಆತು, ಅದಕ್ಕ ಇಷ್ಟೊತ್ತು ತಡದೈತಿ," ಎಂದರು. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಎಲ್ಲರೂ ಅದರ ಸುತ್ತ ಕೂತೆವು. ಪಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತೋ, ನಮ್ಮ ಆಸೆಯೋ, ಹೇಳುವುದಕ್ಕಾಗದು.

ಬಹಳ ಹೊತ್ತಿನ ಮೇಲೆ ಎತ್ತು ಹಿಂಗಾಲು ಎತ್ತಿ, ಮುಂಗಾಲು ಊರಿ, ಎದ್ದು ನಿಂತಿತು. ಬಾಲ ಎತ್ತಿ ಅವ್ವನ ಸೀರೆಯ ಮೇಲೆಯೇ ಸಗಣಿ ಹಾಕಿತು. ಅವ್ವ ಕದಲಲಿಲ್ಲ. "ಹಾಕು ನಮ್ಮಪ್ಪಾ, ಇನ್ನಷ್ಟ ಹಾಕು" ಎಂದಳು. ಅಪ್ಪ ಗೋಡೆಯ ಕಡೆ ತಿರುಗಿ ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳತೊಡಗಿದ, ಒರೆಸುತ್ತಲೇ ಇದ್ದ.

ಡಾಕ್ಟರು ರೊಟ್ಟಿ, ಪಲ್ಯ ಉಣ್ಣುವಾಗ ಅಪ್ಪನಿಗೆ ಎಣ್ಣೆಯ ವಿಷಯ ತಿಳಿಯಿತು. ಡಾಕ್ಟರೇ ಹೇಳಿದ್ದು.

"ಯಜಮಾನ್ರ, ನಿಮ್ಮ ಎತ್ತ ಉಳಿಸಾಕ ಬಂದ ನಾನ ಹಳ್ಳದಾಗ ಉಳಿಯೂದ ಕಠಿಣ ಇತ್ತರಿ. ಬ್ರೇಕಿಗೆ ಎಣ್ಣಿ ಹಚ್ಚೀರಂತಲ್ಲ!"

ಅಪ್ಪ ನನ್ನ ಕಡೆ ತಿರುಗಿದ. "ಹಚ್ಚಬಾರದೇನು? ಗಾಲಿ ತಿರಗೂ ಜಾಗಾ ಅಲ್ಲದು?"

"ಅಲ್ಲಪಾ. ಅದು ಗಾಲಿ ನಿಲ್ಲಸೂ ಜಾಗಾ."

ಅಪ್ಪ ಇದನ್ನು ಬಹಳ ಹೊತ್ತು ಮನಸ್ಸಿನಲ್ಲಿ ತಿರುವಿ ಹಾಕಿದ. "ಚಕ್ಕಡ್ಯಾಗ ಹಂಗೇನ ಇರೂದಿಲ್ಲ ನೋಡ್ರಿ ಸಾಹೇಬ್ರ," ಎಂದ ಕೊನೆಗೆ. "ನಿಲ್ಲಸೂದೆಲ್ಲಾ ಎತ್ತಿಂದು. ಗಾಲಿದು ಬರೇ ತಿರಗೂ ಕೆಲಸ."

ಹೌದಲ್ಲ ಎನಿಸಿತು ನನಗೆ. ಇಷ್ಟು ವರ್ಷ ಅದು ನನಗೂ ಹೊಳೆದಿರಲಿಲ್ಲ.

ಡಾಕ್ಟರನ್ನು ಮರಳಿ ಬಿಡುವ ಮೊದಲು ಗಾಲಿಯನ್ನು ಮತ್ತೆ ಬಿಚ್ಚಿದೆವು. ಈ ಸಲ ಅಪ್ಪನನ್ನು ಯಾರೂ ಕರೆಯಲಿಲ್ಲ, ತಾನೇ ಬಂದು ಕೂತ. ಬ್ರೇಕಿನ ಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೊಳೆದು, ಉಳಿದ ಜಿಡ್ಡು ಬಿಡಲು ಕೆಂಡದ ಮೇಲೆ ಹಿಡಿದೆವು. ರೊಟ್ಟಿ ಸುಡುವ ಹಾಗೆ ಅಪ್ಪ ಅದನ್ನು ಇಕ್ಕಳದಲ್ಲಿ ಹಿಡಿದು ಮಗುಚಿ ಮಗುಚಿ ಕಾಸಿದ. ಯಾವುದು ತಿರುಗುವ ಜಾಗ, ಯಾವುದು ನಿಲ್ಲಿಸುವ ಜಾಗ ಎಂದು ಒಂದೊಂದನ್ನೇ ಕೇಳಿದ. ಹೇಳಿದೆ. ಡ್ರಮ್ಮಿನ ಒಳಗೆ ಅಂಗೈ ಆಡಿಸಿ ನೋಡಿ, "ಸಾಪ್ ಆತು" ಎಂದು ತಾನೇ ತೀರ್ಮಾನ ಕೊಟ್ಟ.

ಗಾಲಿ ಬಿಗಿಯುತ್ತಿದ್ದಾಗ ಅಪ್ಪ ಹೇಳಿದ: "ಇದರ ಸೂಟಿ ಬದಲ ಮಾಡೂಣು."

"ಅಂದ್ರ? ಇನ್ನ ಸೋಮವಾರ ಹೊಡೀಬಹುದೇನು?"

"ಸೋಮವಾರ ಹೊಡಿ. ಮಂಗಳವಾರ ಬಿಡು. ಹೆಂಗೂ ಮಂಗಳವಾರ ಮಂದಿ ಹೊಸಾ ಕೆಲಸಕ್ಕ ಹೊರಡೂದಿಲ್ಲ. ಇಬ್ಬರೂ ಒಂದ ದಿನ ಮಲಗಿದ್ರ ಮನಿ ನೋಡವರ್ಯಾರು? ಎತ್ತು ಮಲಗಿದಾಗ ಇದು ನಿಂತಿರಬೇಕು. ಇದು ಮಲಗಿದಾಗ ಎತ್ತು ನಿಂತಿರಬೇಕು."

"ಕಬ್ಬಣಕ್ಕ ಸೂಟಿ ಬೇಕ ಅಂತಿಯೇನು ಇನ್ನೂ?"

"ಬ್ಯಾಡಂದ್ರ ಅದನ್ನ ಯಾವಾಗ ತೊಳಿತಿ? ಸುಮ್ಮನ ನಟ್ ಬಿಗಿ."

ಮುಂದಿನ ವಾರ ಸೋಮವಾರ ಜೀಪು ಹೊರಗೆ ಬಂದಾಗ ಊರಲ್ಲಿ ಒಬ್ಬಿಬ್ಬರು ಏನೋ ಅಂದರಂತೆ. ನನ್ನ ಕಿವಿಗೆ ಯಾರೂ ಹಾಕಲಿಲ್ಲ. ಮರುದಿನ ಮಂಗಳವಾರ ಬೆಳಿಗ್ಗೆ ಜೀಪಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಎಣ್ಣೆ ಇಳಿಸುತ್ತಿದ್ದೆ. ಎರಡು ಜೊತೆ ಕಾಲುಗಳು ಕಂಡವು. ಒಂದು ಅಪ್ಪನದು. ಇನ್ನೊಂದು, ಹೊಳೆಯುವ ಬೂಟಿನದು, ಊರ ದೊಡ್ಡ ಮನೆಯ ಯಜಮಾನರದು. ಹುಬ್ಬಳ್ಳಿಗೆ ಕೋರ್ಟಿನ ಕೆಲಸಕ್ಕೆ ಹೋಗಬೇಕಿತ್ತು ಅವರಿಗೆ. ಅವರಿಗೆ ಇಲ್ಲ ಎನ್ನುವವರು ಊರಲ್ಲಿ ಯಾರೂ ಇರಲಿಲ್ಲ. ನಾನು ಎದ್ದು ಬರಬೇಕು ಎನ್ನುವಷ್ಟರಲ್ಲಿ ಅಪ್ಪನ ದನಿ ಕೇಳಿತು.

"ಇವತ್ತ ಆಗೂದಿಲ್ರಿ. ಇವತ್ತ ಅದರ ಸೂಟಿ ಐತಿ."

"ಏ, ಮಿಶಿನಿಗೆಂಥಾ ಸೂಟಿ ಮಾರಾಯಾ? ನಿನ್ನಿ ಸೋಮವಾರ ಓಡೇತಲ್ಲ!"

"ಓಡೇತ್ರಿ. ಅದಕ್ಕ ಇವತ್ತ ಮಲಗೇತಿ," ಎಂದ ಅಪ್ಪ. "ಚಕ್ಕಡಿ ಹೂಡ್ತೀನಿ, ಅಣ್ಣಿಗೇರಿ ಸ್ಟೇಷನ್ ಮಟಾ ಬಿಡ್ತೀನಿ ಬರ್ರಿ. ಎತ್ತ ಅಗದಿ ಆರಾಮ ಅದಾವ."

ಬೂಟಿನ ಕಾಲುಗಳು ಒಮ್ಮೆ ಜೀಪಿನ ಕಡೆ ತಿರುಗಿದವು. ಆಮೇಲೆ ಅಪ್ಪನ ಹಿಂದೆ ಚಕ್ಕಡಿಯ ಕಡೆ ನಡೆದವು.